ಪರಾವಲಂಬಿಗಳಲ್ಲಿ ವಂಶವಾಹಿ ಅಭಿವ್ಯಕ್ತಿಯ ನಿಯಂತ್ರಣ

ಪರಾವಲಂಬಿಗಳಲ್ಲಿ ವಂಶವಾಹಿ ಅಭಿವ್ಯಕ್ತಿಯ ನಿಯಂತ್ರಣವು ರೋಗಕಾರಕ ಏಕಕೋಶ ಜೀವಿಗಳು ಆತಿಥೇಯ ಜೀವಿಯ ರೋಗನಿರೋಧಕ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳಲು ಬಳಸುವ ಪ್ರಮುಖ ವಿಧಾನವಾಗಿದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಕೆಲವು ಪರಾವಲಂಬಿಗಳು ತಮ್ಮದೇ ವಂಶವಾಹಿಗಳನ್ನು ಸರದಿಯಂತೆ ಬಳಸಿ ಹೊರಮೈಯ ಪ್ರೋಟೀನನ್ನು ಬದಲಿಸುತ್ತವೆ. ಇದಕ್ಕೆ ಪ್ರತಿಜನಕ ಮಾರ್ಪಾಡು ಎಂದು ಹೆಸರು. ಇನ್ನು ಕೆಲವು ಆತಿಥೇಯ ಕೋಶದ ವಂಶವಾಹಿಗಳನ್ನೇ ತಮಗೆ ಅನುಕೂಲವಾಗುವಂತೆ ನಿಯಂತ್ರಿಸುತ್ತವೆ.

ಪ್ರತಿಜನಕ ಮಾರ್ಪಾಡು

ಮಲೇರಿಯಾ: ಪ್ಲಾಸ್ಮೋಡಿಯಮ್ ಫಾಲ್ಸಿಪಾರಮ್ ಪರಾವಲಂಬಿಯಲ್ಲಿ ಸುಮಾರು 60 'ವಾರ್' ವಂಶವಾಹಿಗಳಿವೆ. ಇವು 1995ರಲ್ಲಿ ಬೆಳಕಿಗೆ ಬಂದವು. ಇವು ಸೂಚಿಸುವ ಪ್ರೋಟೀನುಗಳು ಸೋಂಕಿತ ಕೆಂಪು ರಕ್ತಕಣದ ಮೇಲ್ಮೈಯಲ್ಲಿ ಕಾಣಿಸಿಕೊಂಡು, ಆ ಕಣವು ರಕ್ತನಾಳದ ಗೋಡೆಗೆ ಅಂಟಿಕೊಳ್ಳುವಂತೆ ಮಾಡುತ್ತವೆ. ಅಂಟಿಕೊಂಡ ಕಣವು ಗುಲ್ಮವನ್ನು ತಲುಪಿ ನಾಶವಾಗುವುದಿಲ್ಲ. ಸಾಮಾನ್ಯವಾಗಿ ಒಂದು ಪರಾವಲಂಬಿಯಲ್ಲಿ ಒಮ್ಮೆಗೆ ಒಂದೇ ವಾರ್ ವಂಶವಾಹಿ ಸಕ್ರಿಯವಾಗಿದ್ದು, ಉಳಿದವು ಹಿಸ್ಟೋನ್ ಪ್ರೋಟೀನುಗಳ ರಾಸಾಯನಿಕ ಗುರುತುಗಳಿಂದ ಮೌನವಾಗಿರುತ್ತವೆ. ದೇಹವು ಒಂದು ರೂಪಕ್ಕೆ ಪ್ರತಿಕಾಯಗಳನ್ನು ಸಿದ್ಧಪಡಿಸುವ ಹೊತ್ತಿಗೆ ಕೆಲವು ಪರಾವಲಂಬಿಗಳು ಇನ್ನೊಂದು ರೂಪಕ್ಕೆ ಬದಲಾಗಿರುತ್ತವೆ.

ಟ್ರಿಪನೊಸೋಮಾ: ಆಫ್ರಿಕಾದ ನಿದ್ರಾರೋಗಕ್ಕೆ ಕಾರಣವಾದ ಟ್ರಿಪನೊಸೋಮಾ ಬ್ರೂಸಿಯ ಮೈಯನ್ನು ಒಂದೇ ಬಗೆಯ ಗ್ಲೈಕೋಪ್ರೋಟೀನಿನ ಸುಮಾರು 1 ಕೋಟಿ ಅಣುಗಳು ಹೊದ್ದಿರುತ್ತವೆ. ಈ ಹೊದಿಕೆಗೆ ಸಾವಿರಕ್ಕೂ ಹೆಚ್ಚು ವಂಶವಾಹಿಗಳು ಮತ್ತು ಅವುಗಳ ತುಣುಕುಗಳ ಸಂಗ್ರಹವಿದ್ದರೂ ಒಮ್ಮೆಗೆ ಒಂದು ಮಾತ್ರ ಅಭಿವ್ಯಕ್ತಗೊಳ್ಳುತ್ತದೆ. ಭಾರತದಲ್ಲಿ ದನ, ಎಮ್ಮೆ, ಕುದುರೆ ಮತ್ತು ಒಂಟೆಗಳಿಗೆ 'ಸರ್ರಾ' ರೋಗ ತರುವ ಟ್ರಿಪನೊಸೋಮಾ ಇವಾನ್ಸಿಯೂ ಇದೇ ಉಪಾಯವನ್ನು ಅನುಸರಿಸುತ್ತದೆ.

ಜಿಯಾರ್ಡಿಯಾ: ಕರುಳಿನಲ್ಲಿ ವಾಸಿಸುವ ಜಿಯಾರ್ಡಿಯಾದಲ್ಲಿ ನಿಯಂತ್ರಣದ ಹಂತ ಬೇರೆ. ಇಲ್ಲಿ ಹಲವು ವಂಶವಾಹಿಗಳ ಆರ್‌ಎನ್‌ಎ ತಯಾರಾದರೂ, ಒಂದನ್ನು ಬಿಟ್ಟು ಉಳಿದವನ್ನು ಕೋಶವೇ ನಾಶಪಡಿಸುತ್ತದೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಆತಿಥೇಯ ಕೋಶದ ಮೇಲೆ ಹಿಡಿತ

ಟಾಕ್ಸೋಪ್ಲಾಸ್ಮಾ ಗೊಂಡಿಯೈ ಜೀವಕೋಶದೊಳಗೆ ಬದುಕುವ ಪರಾವಲಂಬಿ. ಇದರ ವಿರುದ್ಧ ದೇಹದ ಮುಖ್ಯ ಅಸ್ತ್ರ ಇಂಟರ್‌ಫೆರಾನ್ ಗಾಮಾ. ಪರಾವಲಂಬಿ ಸ್ರವಿಸುವ 'ಟಿಜಿಐಎಸ್‌ಟಿ' ಎಂಬ ಪ್ರೋಟೀನು ಆತಿಥೇಯ ಕೋಶದ ಕೋಶಕೇಂದ್ರವನ್ನು ಸೇರಿ, ಇಂಟರ್‌ಫೆರಾನ್ ಸಂದೇಶವನ್ನು ಒಯ್ಯುವ 'ಸ್ಟಾಟ್1' ಪ್ರೋಟೀನಿಗೆ ಅಂಟಿಕೊಂಡು, ರಕ್ಷಣಾ ವಂಶವಾಹಿಗಳು ಸಕ್ರಿಯವಾಗದಂತೆ ತಡೆಯುತ್ತದೆ. ಇದನ್ನು 2016ರಲ್ಲಿ ವರದಿ ಮಾಡಲಾಯಿತು. 'ಆರ್‌ಒಪಿ16' ಎಂಬ ಇನ್ನೊಂದು ಪ್ರೋಟೀನು ಸ್ಟಾಟ್3 ಮತ್ತು ಸ್ಟಾಟ್6ಗಳನ್ನು ಚುರುಕುಗೊಳಿಸಿ ಉರಿಯೂತದ ಪ್ರತಿಕ್ರಿಯೆಯನ್ನು ಕುಗ್ಗಿಸುತ್ತದೆ.

ಬೆಂಗಳೂರಿನಲ್ಲಿ ಸಂಶೋಧನೆ

ವಂಶವಾಹಿ ಅಭಿವ್ಯಕ್ತಿಯ ಅಂತಿಮ ಫಲವಾದ ಪ್ರೋಟೀನುಗಳನ್ನು ರಾಶಿ ರೋಹಿತಮಾಪನದಿಂದ ಗುರುತಿಸುವ ಕಾರ್ಯವು ವೈಟ್‌ಫೀಲ್ಡ್‌ನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ ನಡೆದಿದೆ. 2002ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಸಂಶೋಧಕರು ಕಾಲಾ ಅಜಾರ್ ರೋಗದ ಲೀಶ್ಮೇನಿಯಾ ಡೊನೊವಾನಿಯ ಪ್ರೋಟೀನುಗಳ ಅಧ್ಯಯನವನ್ನು 2012ರಲ್ಲಿ ಪ್ರಕಟಿಸಿದರು. ಎಚ್‌ಐವಿ ಸೋಂಕಿನೊಂದಿಗೆ ಟಾಕ್ಸೋಪ್ಲಾಸ್ಮಾ ಮಿದುಳುರಿತವೂ ಇದ್ದ ರೋಗಿಗಳ ಮಿದುಳಿನ ಪ್ರೋಟೀನುಗಳಲ್ಲಿ ಆಗುವ ವ್ಯತ್ಯಾಸಗಳ ಬಗ್ಗೆ ನಿಮ್ಹಾನ್ಸ್ ಜೊತೆಗೂಡಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು.

ಮಹತ್ವ

ಮಲೇರಿಯಾ ವಿರುದ್ಧ ಸಹಜ ಪ್ರತಿರಕ್ಷೆಯು ಹಲವು ಬಾರಿ ಸೋಂಕು ತಗುಲಿದ ಮೇಲಷ್ಟೇ ನಿಧಾನವಾಗಿ ಬೆಳೆಯಲು ಪ್ರತಿಜನಕ ಮಾರ್ಪಾಡು ಒಂದು ಮುಖ್ಯ ಕಾರಣ. ಲಸಿಕೆ ತಯಾರಿಕೆಗೂ ಇದು ದೊಡ್ಡ ಅಡ್ಡಿಯಾಗಿದೆ. ಆದರೂ ಕೆಲವು ರೂಪಗಳನ್ನು ಗುರಿಯಾಗಿಸಲು ಸಾಧ್ಯವಿದೆ. ಸೋಂಕಿತ ರಕ್ತಕಣಗಳು ಗರ್ಭಿಣಿಯರ ಜರಾಯುವಿಗೆ ಅಂಟಿಕೊಳ್ಳಲು 'ವಾರ್2ಸಿಎಸ್‌ಎ' ಎಂಬ ನಿರ್ದಿಷ್ಟ ಪ್ರೋಟೀನು ಕಾರಣ. ಮಲೇರಿಯಾ ಹೆಚ್ಚಿರುವ ಪ್ರದೇಶಗಳಲ್ಲಿ ಮೊದಲ ಗರ್ಭಧಾರಣೆಯಲ್ಲಿ ಅಪಾಯ ಅಧಿಕ. ಮುಂದಿನ ಗರ್ಭಧಾರಣೆಗಳ ವೇಳೆಗೆ ಇದರ ವಿರುದ್ಧ ಪ್ರತಿಕಾಯಗಳು ಬೆಳೆದಿರುತ್ತವೆ. ಆದ್ದರಿಂದ ಈ ಪ್ರೋಟೀನನ್ನು ಆಧರಿಸಿದ ಲಸಿಕೆಗಳನ್ನು ಮಾನವರಲ್ಲಿ ಪರೀಕ್ಷಿಸಲಾಗಿದೆ.

ಇವನ್ನೂ ನೋಡಿ

ಮಲೇರಿಯಾ
ರೋಗನಿರೋಧಕ ವ್ಯವಸ್ಥೆ
ವಂಶವಾಹಿ