ಬಿಳಿಯ ವೈನೂ ಹಿದುಕಿದ ಬೇಳೆ ಸಾರೂ

ಶಿವಗಂಗೆಯ ನಮ್ಮ ಮನೆಗೆ ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬನು ಬಿಳಿ ವೈನಿನ ಸೀಸೆಯೊಂದನ್ನು ತಂದಿದ್ದನು. “ನಮ್ಮ ದೊಡ್ಡಬಳ್ಳಾಪುರದ್ದೇ, ಸಾರ್” ಎಂದನು. ನಾನು ಮೇಷ್ಟರಾಗಿ ಸೇರಿದಾಗ ಆ ಸೀಮೆಯ ದ್ರಾಕ್ಷಿಯೆಂದರೆ ಬೆಂಗಳೂರು ಬ್ಲೂ. 1988ರಲ್ಲಿ ಸ್ಥಾಪನೆಯಾದ ಗ್ರೋವರ್ ಸಂಸ್ಥೆಯು ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಗಳನ್ನು ಬೆಳೆಸಿತು. ಬಿಳಿ ವೈನಿನ ಹುಳಿಯು ನಿಂಬೆರಸದಂತೆ ಕರಿದ ವಡೆಯ ಜಿಡ್ಡನ್ನು ಮರೆಸುತ್ತದೆ, ಖಾರದ ಸಾರಿನೊಡನೆ ಮಾತ್ರ ಮದ್ಯಸಾರವು ಬಾಯುರಿಯನ್ನು ಹೆಚ್ಚಿಸುತ್ತದೆ ಎಂದು ಅವನ ವಿವರಣೆ.

ನನ್ನಾಕೆ ಸುಮ್ಮನೆ ಕೇಳಿಸಿಕೊಂಡಳು. ಸಾರಾಯಿಯಿಂದ ತಮ್ಮನನ್ನು ಕಳೆದುಕೊಂಡವಳು ಆಕೆ. ಸರ್ಕಾರವು ಸಾರಾಯಿಯನ್ನು ನಿಷೇಧಿಸಿದ್ದು 2007ರ ಜುಲೈಯಲ್ಲಿ. ವೈನ್ ನೀತಿಯನ್ನು ತಂದದ್ದೂ ಅದೇ ವರ್ಷ. ಇತಿಹಾಸದ ಮೇಷ್ಟರಾದ ನನಗೆ ಆಕೆಗೆ ಇದನ್ನು ವಿವರಿಸುವ ಧೈರ್ಯ ಬರಲಿಲ್ಲ. ಹುಡುಗನಿಗೆ ಹಿದುಕಿದ ಬೇಳೆ ಸಾರನ್ನು ಎರಡು ಸಲ ಬಡಿಸಿದಳು. ಲೋಟ ಮಾತ್ರ ತರಲಿಲ್ಲ.