ಸದ್ದಿಲ್ಲದ ವಿದ್ಯಾರ್ಥಿ ಮತ್ತು ಶಿಕ್ಷಕರ ತರಬೇತಿ

ತರಗತಿಯಲ್ಲಿ ಗಲಾಟೆ ಮಾಡುವ ಹುಡುಗನ ಹೆಸರು ಒಂದೇ ವಾರದಲ್ಲಿ ಎಲ್ಲಾ ಶಿಕ್ಷಕರಿಗೂ ಬಾಯಿಪಾಠವಾಗುತ್ತದೆ. ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವವನ ಹೆಸರಿಗೆ ಹಾಜರಿ ಪುಸ್ತಕ ನೋಡಬೇಕು. ಇದನ್ನು ಅಂಕಿ-ಅಂಶಗಳೊಂದಿಗೆ ಮೊದಲು ಚರ್ಚೆಗೆ ತಂದವರಲ್ಲಿ ಅಮೆರಿಕದ ಇ.ಕೆ. ವಿಕ್‌ಮನ್ ಪ್ರಮುಖರು. 1928ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 511 ಶಿಕ್ಷಕರಿಗೂ 30 ಮಂದಿ ಮಾನಸಿಕ ಆರೋಗ್ಯ ತಜ್ಞರಿಗೂ ಮಕ್ಕಳ ವರ್ತನೆಗಳ ಪಟ್ಟಿ ಕೊಟ್ಟು, ಯಾವುದು ಎಷ್ಟು ಗಂಭೀರವೆಂದು ಕೇಳಲಾಯಿತು. ಶಿಕ್ಷಕರು ಕಳ್ಳತನ, ಅವಿಧೇಯತೆಯಂಥವನ್ನು ಮೇಲಿಟ್ಟರು. ತಜ್ಞರು ಯಾರೊಡನೆಯೂ ಬೆರೆಯದಿರುವುದು, ಖಿನ್ನತೆ, ಭಯ ಇವನ್ನು ಹೆಚ್ಚು ಗಂಭೀರವೆಂದರು.

ಶಿಕ್ಷಕರಿಗೆ ಮಕ್ಕಳ ಮನಸ್ಸು ತಿಳಿಯದು ಎಂದು ದೂಷಿಸಲು ಈ ಅಧ್ಯಯನವನ್ನು ಬಳಸಿದವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ನ್ಯಾಯವಲ್ಲ. ಎರಡು ಗುಂಪುಗಳಿಗೆ ಕೊಟ್ಟ ಸೂಚನೆಗಳೇ ಬೇರೆಯಾಗಿದ್ದವು. ಶಿಕ್ಷಕರನ್ನು ಈಗಿನ ತೊಂದರೆಯ ಬಗ್ಗೆ ಕೇಳಿದ್ದರೆ, ತಜ್ಞರನ್ನು ಮಗುವಿನ ಮುಂದಿನ ಬದುಕಿನ ಬಗ್ಗೆ ಕೇಳಲಾಗಿತ್ತು. ಅರವತ್ತು ಮಕ್ಕಳ ಎದುರು ನಿಂತವರಿಗೆ ಇಂದಿನ ಪಾಠ ಮುಗಿಸುವುದೇ ಮೊದಲ ಚಿಂತೆ ತಾನೇ! ಆದರೂ ಮೌನವಾಗಿ ನರಳುವ ಮಗುವನ್ನು ಗುರುತಿಸಲು ಶಿಕ್ಷಕರಿಗೆ ಅಭ್ಯಾಸ ಬೇಕು ಎಂಬ ಮಾತು ಅಂದಿನಿಂದ ಗಟ್ಟಿಯಾಯಿತು.

ನಮ್ಮ ದೇಶದ ಮೊದಲ ಮಕ್ಕಳ ಮಾರ್ಗದರ್ಶನ ಕೇಂದ್ರ 1937ರಲ್ಲಿ ಮುಂಬಯಿಯ ಟಾಟಾ ಸಮಾಜಕಾರ್ಯ ಶಾಲೆಯಲ್ಲಿ ಆರಂಭವಾಯಿತು. ಆದರೆ ಇಂಥ ಕೇಂದ್ರಕ್ಕೆ ಎಷ್ಟು ಮಕ್ಕಳು ಹೋಗಬಲ್ಲರು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಲವಿಕಾ ಕಪೂರ್ ಮುಂತಾದವರು ಶಾಲೆಗಳಿಗೇ ಹೋಗಿ ಶಿಕ್ಷಕರನ್ನು ಸಿದ್ಧಪಡಿಸುವ ದಾರಿ ಹಿಡಿದರು.

ಗಡಿಯಾಚೆ ರಾವಲ್ಪಿಂಡಿಯ ಹಳ್ಳಿಗಾಡಿನ ಶಾಲೆಗಳಲ್ಲೂ ಇಂಥದೇ ಪ್ರಯತ್ನ ನಡೆಯಿತು. ಮಲಿಕ್ ಮುಬಶ್ಶರ್ ಮತ್ತು ಸಂಗಡಿಗರ ಆ ವರದಿ 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 12ರಿಂದ 16 ವರ್ಷದ ಮಕ್ಕಳಿಗೆ ಶಾಲೆಯಲ್ಲಿ ನಾಲ್ಕು ತಿಂಗಳು ಮಾನಸಿಕ ಆರೋಗ್ಯದ ತಿಳಿವಳಿಕೆ ಕೊಟ್ಟಾಗ ಆ ಅರಿವು ಅವರಲ್ಲೇ ನಿಲ್ಲಲಿಲ್ಲ. ತಂದೆ-ತಾಯಿಗೆ, ನೆರೆಹೊರೆಗೆ, ಶಾಲೆಗೇ ಹೋಗದ ಗೆಳೆಯರಿಗೂ ತಲುಪಿತು. ಮಾನಸಿಕ ಕಾಯಿಲೆಯನ್ನು ಜಿನ್ನಿನ ಕಾಟ, ಮಾಟ ಎಂದು ಮುಚ್ಚಿಡುವ ಮನೆಗಳನ್ನು ಬಲ್ಲ ನಮಗೆ ಇದು ಸಣ್ಣ ಸಂಗತಿಯಲ್ಲ.

ಕರ್ನಾಟಕದಲ್ಲಿ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಶಿಕ್ಷಕರ ಮೂಲಕವೇ ಜೀವನ ಕೌಶಲ ಶಿಕ್ಷಣ ಕೊಡಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದ ನಂತರ 605 ವಿದ್ಯಾರ್ಥಿಗಳಲ್ಲಿ, ಈ ಶಿಕ್ಷಣ ಪಡೆಯದ 423 ಮಂದಿಗಿಂತ ಆತ್ಮಗೌರವ, ಕಷ್ಟ ನಿಭಾಯಿಸುವ ಶಕ್ತಿ, ಶಿಕ್ಷಕರೊಂದಿಗಿನ ಹೊಂದಾಣಿಕೆ ಉತ್ತಮವಾಗಿದ್ದವು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಿ, ಮಾನಸಿಕ ತೊಂದರೆಗಳ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಮರೆಮಾಚದೆ ಬರೆದದ್ದು ಮೆಚ್ಚತಕ್ಕದ್ದು. ಶಿಕ್ಷಕನು ವೈದ್ಯನಲ್ಲ; ಗುರುತಿಸಿ, ಕೇಳಿಸಿಕೊಂಡು, ಅಗತ್ಯವಿದ್ದರೆ ತಜ್ಞರ ಬಳಿಗೆ ಕಳುಹಿಸಬಲ್ಲ, ಅಷ್ಟೇ.

ಬಿ.ಎಡ್.ನಲ್ಲಿ ನಾವೆಲ್ಲ ಹದಿಹರೆಯದ ಮನೋವಿಜ್ಞಾನ ಓದಿ ಪರೀಕ್ಷೆ ಬರೆದವರೇ. ಅಳುತ್ತಾ ನಿಂತ ಹುಡುಗಿಗೆ ಮೊದಲ ಮಾತು ಏನೆಂದು ಆಡಬೇಕು ಎಂಬುದನ್ನು ಮಾತ್ರ ನನಗೆ ಯಾರೂ ಅಭ್ಯಾಸ ಮಾಡಿಸಲಿಲ್ಲ. 2020ರಲ್ಲಿ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯಿಂದ ಸಾಧ್ಯವಾದಷ್ಟೂ ಒಬ್ಬ ಶಿಕ್ಷಕ, ಒಬ್ಬ ಶಿಕ್ಷಕಿಗೆ ತರಬೇತಿ ನೀಡಿ, ಭಾವನಾತ್ಮಕ ಮತ್ತು ಮಾನಸಿಕ ಆರೋಗ್ಯವೂ ಸೇರಿದಂತೆ 11 ವಿಷಯಗಳನ್ನು ವಾರಕ್ಕೊಮ್ಮೆ ಕಲಿಸುವ ಯೋಜನೆ ಮಾಡಿತು. ಆ ಒಂದು ಪೀರಿಯಡ್ ಬಿಟ್ಟುಕೊಡುವುದು ಮುಖ್ಯೋಪಾಧ್ಯಾಯರ ಕೈಯಲ್ಲಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರವಾದಾಗ ಮೊದಲು ಕತ್ತರಿ ಬೀಳುವುದು ಇಂಥ ಪೀರಿಯಡ್‌ಗೇ.