ಹೇಳಬಾರದ ಮಾತಿಗೆ ಸಾಕ್ಷ್ಯ

ಆಸ್ಟ್ರೇಲಿಯದ ಐವತ್ತು ಡಾಲರಿನ ನೋಟಿನ ಮೇಲೆ ಮೂಲನಿವಾಸಿಯೊಬ್ಬರ ಚಿತ್ರವಿದೆ. ಅವರು ಡೇವಿಡ್ ಯುನೈಪನ್ (೧೮೭೨–೧೯೬೭). ಕ್ರೈಸ್ತ ಬೋಧಕರು, ಹೊಸ ಯಂತ್ರಗಳನ್ನು ಕಂಡುಹಿಡಿದವರು, ತಮ್ಮ ಜನರ ಪುರಾಣಕಥೆಗಳನ್ನು ಬರೆದಿಟ್ಟವರು. ಆ ಜನರ ಹೆಸರು ಙರಿಂಜೇರಿ. (ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಙಕಾರಕ್ಕೆ ಇಲ್ಲೊಂದು ಉದ್ಯೋಗ ದೊರೆಯಿತೆನ್ನಬೇಕು.) ಈ ನೋಟು ಮೊದಲು ಹೊರಬಂದುದು ೧೯೯೫ರ ಅಕ್ಟೋಬರಿನಲ್ಲಿ. ಅದಾಗಿ ಎರಡೇ ತಿಂಗಳಿಗೆ, ಅದೇ ಙರಿಂಜೇರಿ ಹೆಂಗಸರು ತಮ್ಮದೆಂದು ಹೇಳಿಕೊಂಡ ನಂಬಿಕೆಯೊಂದು ಬರಿಯ ಕಟ್ಟುಕಥೆಯೆಂದು ದಕ್ಷಿಣ ಆಸ್ಟ್ರೇಲಿಯದ ರಾಯಲ್ ಕಮಿಷನ್ ತೀರ್ಮಾನ ಕೊಟ್ಟಿತು.

ಮರೆ ಎಂಬ ದೊಡ್ಡ ನದಿ ಸಮುದ್ರವನ್ನು ಸೇರುವೆಡೆಯಲ್ಲಿ, ಗೂಲ್ವ ಪಟ್ಟಣದ ಎದುರಿಗೆ, ಹಿಂಡ್‌ಮಾರ್ಷ್ ಎಂಬ ದ್ವೀಪವಿದೆ. ಙರಿಂಜೇರಿಗಳು ಅದನ್ನು ಕುಮರಂಕ್ ಎನ್ನುತ್ತಾರೆ. ಹಡಗುಕಟ್ಟೆಯನ್ನೂ ಮನೆಗಳನ್ನೂ ಕಟ್ಟಿ ಮಾರುವವರಿಗೆ ಅಲ್ಲಿನ ದೋಣಿದಾಟು ಸಾಲದಾಯಿತು, ಸೇತುವೆ ಬೇಕಾಯಿತು. ಆಗ ಡೊರೀನ್ ಕಾರ್ಟಿನ್ಯೇರಿ ಮೊದಲಾದ ಕೆಲವು ಹೆಂಗಸರು ಮುಂದೆ ಬಂದು, ಈ ದ್ವೀಪಕ್ಕೂ ಸುತ್ತಣ ನೀರಿಗೂ ಸಂಬಂಧಿಸಿದ ಗುಟ್ಟೊಂದುಂಟು, ಅದು ಹೆಂಗಸರಿಂದ ಹೆಂಗಸರಿಗಷ್ಟೇ ಸಲ್ಲತಕ್ಕದ್ದು, ಸೇತುವೆಯಿಂದ ಅದಕ್ಕೆ ಭಂಗ ಬರುವುದು ಎಂದರು.

ಗುಟ್ಟನ್ನು ಬರೆದು, ಹೆಂಗಸರು ಮಾತ್ರ ಓದಬೇಕೆಂದು ಗುರುತು ಹಾಕಿದ ಲಕೋಟೆಗಳಲ್ಲಿ ಮುಚ್ಚಿ, ಕೇಂದ್ರದ ಮಂತ್ರಿ ರಾಬರ್ಟ್ ಟಿಕ್ನರ್ ಅವರಿಗೆ ವರದಿಯೊಡನೆ ಒಪ್ಪಿಸಲಾಯಿತು. ಮಂತ್ರಿಗಳು ಗಂಡಸರು, ಮರ್ಯಾದೆಗೆ ಕಟ್ಟುಬಿದ್ದು ಲಕೋಟೆಯೊಳಗಿನದನ್ನು ಓದಲಿಲ್ಲ. ೧೯೯೪ರ ಜುಲೈನಲ್ಲಿ ಸೇತುವೆಗೆ ೨೫ ವರ್ಷಗಳ ನಿಷೇಧ ಹಾಕಿದರು. ೧೯೯೫ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಲಯ ನಿಷೇಧವನ್ನು ರದ್ದುಮಾಡಿತು. ಅದು ಕೊಟ್ಟ ಕಾರಣಗಳಲ್ಲಿ ಒಂದು, ಮಂತ್ರಿಗಳು ಆ ಬರಹವನ್ನು ಸ್ವತಃ ಪರಿಶೀಲಿಸಲಿಲ್ಲವೆಂಬುದು! ಕಾನೂನಿನ ದೃಷ್ಟಿಯಿಂದ ತಪ್ಪೇನಿಲ್ಲ. ಓದದೆ ಅಪ್ಪಣೆ ಕೊಡುವ ಮಂತ್ರಿಯನ್ನು ಯಾರು ತಾನೆ ಒಪ್ಪುತ್ತಾರೆ? ಆದರೆ ಆ ಹೆಂಗಸರ ಪಾಡನ್ನು ಯೋಚಿಸಿ. ಹೇಳಿದರೆ ಗುಟ್ಟು ಕೆಡುತ್ತದೆ; ಹೇಳದಿದ್ದರೆ ಗುಟ್ಟೇ ಇಲ್ಲವೆನ್ನುತ್ತಾರೆ. ಅಷ್ಟರಲ್ಲಿ ಆ ಲಕೋಟೆಗಳು ವಿಳಾಸ ತಪ್ಪಿ ವಿರೋಧಪಕ್ಷದ ಇಯಾನ್ ಮೆಕ್‌ಲಾಕ್ಲನ್ ಅವರ ಕಚೇರಿಗೆ ಹೋಗಿ, ಅಲ್ಲಿ ಅವುಗಳ ಪ್ರತಿಯನ್ನೂ ತೆಗೆಯಲಾಯಿತು. ಆ ಗದ್ದಲದಲ್ಲಿ ಅವರು ಮಾರ್ಚಿಯಲ್ಲಿ ತಮ್ಮ ಪಕ್ಷದ ಹುದ್ದೆ ಬಿಡಬೇಕಾಯಿತು.

ಇನ್ನೊಂದು ಮಾತನ್ನು ಮರೆಮಾಚಬಾರದು. ತಾವು ಇಂಥ ಗುಟ್ಟನ್ನು ಕೇಳಿಯೇ ಇಲ್ಲವೆಂದವರೂ ಙರಿಂಜೇರಿ ಹೆಂಗಸರೇ. ಅವರ ಮಾತಿನಿಂದಲೇ ರಾಯಲ್ ಕಮಿಷನ್ ಹುಟ್ಟಿತು. ಗುಟ್ಟಿನ ಪರವಾಗಿದ್ದವರು, ನಮ್ಮ ನಂಬಿಕೆಯನ್ನು ಕಟಕಟೆಯಲ್ಲಿ ನಿಲ್ಲಿಸಲಾರೆವೆಂದು ಸಾಕ್ಷಿ ಹೇಳಲು ಬರಲಿಲ್ಲ. ಬಂದವರ ಮಾತು ದಾಖಲೆಯಾಯಿತು. ಬಾರದವರ ಮೌನವೂ ಅವರಿಗೆ ವಿರೋಧವಾಗಿಯೇ ನಿಂತಿತು.

ಕಮಿಷನ್ ಹಿಡಿದ ಆಧಾರಗಳನ್ನು ನೋಡೋಣ. ೧೯೪೦ರ ದಶಕದಲ್ಲಿ ಈ ಜನರ ನಡುವೆ ಅಧ್ಯಯನ ನಡೆಸಿದ ಬರ್ಂಟ್ ದಂಪತಿಗಳ ಗ್ರಂಥ ೧೯೯೩ರಲ್ಲಿ ಪ್ರಕಟವಾಗಿತ್ತು. ಹೆಂಗಸರ ಪ್ರತ್ಯೇಕ ರಹಸ್ಯದ ಮಾತು ಅದರಲ್ಲಿಲ್ಲ. ಆದುದರಿಂದ ಅದು ಇರಲಿಲ್ಲ. ಸಂಶಯ ಒಳ್ಳೆಯದೇ, ಆದರೆ ಈ ಸಂಶಯ ಒಂದೇ ಕಡೆಗೆ ತಿರುಗಿತ್ತು. ಹೊರಗಿನಿಂದ ಬಂದವರಿಗೆ ಎಲ್ಲವನ್ನೂ ಹೇಳಿರಬೇಕೆಂದು ಏಕೆ ನಂಬಬೇಕು? ಪಾದ್ರಿ ಜಾರ್ಜ್ ಟ್ಯಾಪ್ಲಿನ್ ೧೮೫೯ರಲ್ಲಿ ಅಲ್ಲಿ ಮಿಷನ್ ತೆರೆದಂದಿನಿಂದ ಹಳೆಯ ಸಂಸ್ಕಾರಗಳನ್ನು ಬಿಡಿಸುವ ಪ್ರಯತ್ನ ನಡೆದಿತ್ತು. ಯುನೈಪನ್ ಹುಟ್ಟಿದ್ದು ಅದೇ ಮಿಷನ್ನಿನಲ್ಲಿ. ಅವರು ನಂಬಿ ಬರೆದುಕೊಟ್ಟ ಕಥೆಗಳು ೧೯೩೦ರಲ್ಲಿ ಬಿಳಿಯ ವೈದ್ಯರೊಬ್ಬರ ಹೆಸರಿನಲ್ಲಿ ಅಚ್ಚಾದುವು. ಯುನೈಪನ್ನರ ಹೆಸರೇ ಇರಲಿಲ್ಲ. ಹೇಳಿದವರಿಗೆ ದೊರೆತ ಫಲ ಇದು.

ನದಿಯ ಮುಖದಲ್ಲಿ ಉಪ್ಪುನೀರನ್ನು ತಡೆಯುವ ಒಡ್ಡುಗಳು ೧೯೪೦ರ ವೇಳೆಗೇ ಎದ್ದಿದ್ದುವು. ಅವುಗಳಿಂದ ಕೆಡದುದು ಸೇತುವೆಯಿಂದ ಹೇಗೆ ಕೆಡುತ್ತದೆ, ಇದರಲ್ಲಿ ತರ್ಕವಿಲ್ಲ ಎಂಬುದು ಇನ್ನೊಂದು ಆಧಾರ. ಕನ್ನೆ ಹೆತ್ತಳೆಂಬ ನಂಬಿಕೆಯಲ್ಲಿ ತರ್ಕವೆಲ್ಲಿದೆಯೆಂದು ಯಾವ ಕಮಿಷನ್ನೂ ಇಗರ್ಜಿಯನ್ನು ಕೇಳಿದುದಿಲ್ಲ. ಅಲ್ಲದೆ ಒಡ್ಡು ಕಟ್ಟುವ ಕಾಲದಲ್ಲಿ, ೧೯೧೧ರ ಕಾಯಿದೆಯ ಪ್ರಕಾರ, ಮೂಲನಿವಾಸಿಯ ಮಗುವಿಗೆ ಕಾನೂನಿನ ಪೋಷಕ ಸರ್ಕಾರಿ ಅಧಿಕಾರಿ. ಆಗ ಯಾವ ತಾಯಿ ಬಾಯಿ ತೆರೆದಾಳು?

ಈ ತೊಡಕು ನಮಗೂ ಪರಿಚಿತವೇ. ೧೯೫೪ರಲ್ಲಿ ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಒಂದು ಧರ್ಮಕ್ಕೆ ಅತ್ಯಗತ್ಯವಾದುದು ಯಾವುದೆಂಬುದನ್ನು ಮೊದಲು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದಿತು. ಆ ತೀರ್ಪು ಉಲ್ಲೇಖಿಸಿದ ಮೊಕದ್ದಮೆಗಳಲ್ಲಿ ಒಂದು ೧೯೪೩ರದು. ಅದು ದಕ್ಷಿಣ ಆಸ್ಟ್ರೇಲಿಯದ ರಾಜಧಾನಿ ಅಡಿಲೇಡಿನ ಜೆಹೋವನ ಸಾಕ್ಷಿಗಳೆಂಬ ಪಂಥದವರದು. ಅಲ್ಲಿನ ನ್ಯಾಯಾಧೀಶರ ವಿವೇಕ ಸಮುದ್ರ ದಾಟಿ ನಮ್ಮ ಮಠಕ್ಕೆ ಒದಗಿತು. ಆದರೆ ಮಠಕ್ಕೆ ಗ್ರಂಥಗಳಿದ್ದುವು, ಹೆಸರಾಂತ ಗುರುಪರಂಪರೆಯಿತ್ತು. ಗ್ರಂಥವಿಲ್ಲದವರ ಸಿದ್ಧಾಂತವನ್ನು ಎಲ್ಲಿ ಓದುವುದು?

ಮುಂದಿನದು ಬೇಗ ಮುಗಿಯುತ್ತದೆ. ೧೯೯೭ರಲ್ಲಿ ಪಾರ್ಲಿಮೆಂಟು ಈ ಸೇತುವೆಗೆ ಪರಂಪರೆರಕ್ಷಣೆಯ ಕಾಯಿದೆ ಅಡ್ಡಬರದಂತೆ ವಿಶೇಷ ಕಾನೂನು ಮಾಡಿತು. ೧೯೯೮ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ೨೦೦೧ರ ಮಾರ್ಚಿಯಲ್ಲಿ ಸೇತುವೆ ತೆರೆಯಿತು. ಅದೇ ಆಗಸ್ಟಿನಲ್ಲಿ ನ್ಯಾಯಮೂರ್ತಿ ಜಾನ್ ಫಾನ್ ಡೂಸ, ಹೂಡಿಕೆದಾರರು ತಂದ ನಷ್ಟಪರಿಹಾರದ ದಾವೆಯನ್ನು ತಳ್ಳಿಹಾಕುತ್ತ, ಹೆಂಗಸರ ಆ ಜ್ಞಾನ ಕಟ್ಟುಕಥೆಯೆಂಬುದು ತಮ್ಮ ಮುಂದಿನ ಸಾಕ್ಷ್ಯದಿಂದ ಸಿದ್ಧವಾಗಿಲ್ಲವೆಂದರು. ನಿಜವೆಂದು ಸಿದ್ಧವಾಯಿತೆಂದು ಅವರು ಹೇಳಲಿಲ್ಲ. ಆ ಎಚ್ಚರವೇ ನನಗೆ ಹಿಡಿಸಿತು. ೨೦೧೦ರ ಜುಲೈನಲ್ಲಿ ರಾಜ್ಯಸರ್ಕಾರವು ಸಮಾರಂಭ ನಡೆಸಿ ಆ ತೀರ್ಪನ್ನು ಒಪ್ಪಿಕೊಂಡಿತು. ಕಾರ್ಟಿನ್ಯೇರಿ ತೀರಿಕೊಂಡು ಆಗಲೇ ಎರಡೂವರೆ ವರ್ಷವಾಗಿತ್ತು. ಸಮಾರಂಭ ನಡೆದುದು ಅದೇ ಸೇತುವೆಯ ಬುಡದಲ್ಲಿ.